ಅಳಿಲಿನ ಕಾಳಿನ ಪೆಟ್ಟಿಗೆ: ಎರಡು ಸಲ ಮಾಡಿದ ಕೆಲಸ

ಪೆಟ್ಟಿಗೆ ಸಿದ್ಧವಾಗಿ ಮರವೇರಿದ ಮೇಲೆ ಒಂಬತ್ತು ದಿನ ಯಾವ ಅಳಿಲೂ ಅದರೊಳಗಿನ ಒಂದು ಕಾಳನ್ನೂ ಮುಟ್ಟಲಿಲ್ಲ. ಹಸಿವಿರಲಿಲ್ಲವೆಂದಲ್ಲ. ಮುಂದಿನ ಜಗಲಿಯ ಮೇಲೆ ಬಂದು ಕುಳಿತು, ಪಾರದರ್ಶಕ ಹಾಳೆಯ ಆಚೆ ಕಾಣುತ್ತಿದ್ದ ಕಡಲೆಬೀಜಕ್ಕೆ ಮೂತಿಯೊತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡಿ, ಬಾಲ ಕುಣಿಸಿ ಬೈದು ಹೋಗುತ್ತಿದ್ದವು. ಹತ್ತನೆಯ ದಿನ ನಾನು ಪೆಟ್ಟಿಗೆಯನ್ನು ಕೆಳಗಿಳಿಸಿ ಬಿಚ್ಚಿದೆ. ಕೆಳಗಿರುವುದು ಆ ಮೊದಲ ಪೆಟ್ಟಿಗೆಯ ಕಥೆ, ಮತ್ತು ಅದರ ಅವಶೇಷಗಳಿಂದಲೇ ಎದ್ದ ಎರಡನೆಯದರ ಕಥೆ. ಮಾಡಬೇಕೆಂದಿರುವವರು ಮೊದಲನೆಯದನ್ನು ಹಾರಿಸಿ ನೇರವಾಗಿ ಎರಡನೆಯದನ್ನು ಮಾಡಬಹುದು. ಆದರೆ ಯಾಕೆ ಹಾಗೆ ಎಂದು ಗೊತ್ತಾಗಬೇಕಾದರೆ ನನ್ನ ಪೆದ್ದುತನವನ್ನೂ ಓದಬೇಕಾಗುತ್ತದೆ.

ಮುಚ್ಚಳ ಏಕೆ ಬೇಕು ಎಂದು ಮೊದಲು ಹೇಳಿಬಿಡುತ್ತೇನೆ. ತೆರೆದ ತಟ್ಟೆಯಲ್ಲಿ ಕಾಳು ಇಟ್ಟು ನೋಡಿದ್ದೆ. ಕಾಗೆಗಳು ಹತ್ತು ನಿಮಿಷದಲ್ಲಿ ಗುಡಿಸಿ ಹಾಕಿದವು, ಉಳಿದದ್ದನ್ನು ಮಳೆ ನೆನೆಸಿತು. ಹಕ್ಕಿಗಳ ತಟ್ಟೆಗೆ ಅಳಿಲು ಬಾರದಂತೆ ತಡೆಯಲು ಜನ ನೂರೆಂಟು ಉಪಾಯ ಕಂಡುಹಿಡಿದಿದ್ದಾರೆ. ನನಗೆ ಬೇಕಾಗಿದ್ದು ಅದರ ತಿರುಗುಮುರುಗು. ತಲೆಯಿಂದ ಎತ್ತಿ ಒಳಗೆ ಬಗ್ಗಬೇಕಾದ ಮುಚ್ಚಳ ಅಳಿಲಿಗೆ ಸುಲಭ, ಹೆಚ್ಚಿನ ಹಕ್ಕಿಗಳಿಗೆ ಕಷ್ಟ. ಇದು ಹಳೆಯ ವಿನ್ಯಾಸವೇ. ಒಂದು ಬೆನ್ನುಹಲಗೆ, ಎರಡು ಪಕ್ಕ, ಜಗಲಿಯಂತೆ ಮುಂದಕ್ಕೆ ಚಾಚಿದ ತಳ, ಮುಂಭಾಗದಲ್ಲಿ ಒಳಗಿನದು ಕಾಣುವಂಥ ಹಾಳೆ, ಮೇಲೆ ಇಳಿಜಾರಾದ ಮುಚ್ಚಳ. ಇಷ್ಟೇ.

ಶನಿವಾರ: ಕೊಯ್ತ

ಹಲಗೆ ಸಿಕ್ಕಿದ್ದು ಮುರಿದ ಪುಸ್ತಕದ ಕಪಾಟಿನಿಂದ. 18 ಮಿ.ಮೀ. ದಪ್ಪ, 200 ಮಿ.ಮೀ. ಅಗಲ, ಒಂದೂವರೆ ಮೀಟರ್ ಉದ್ದ. ಬಣ್ಣವಿಲ್ಲದ ಗಟ್ಟಿ ಮರ. ಬಣ್ಣವಿಲ್ಲ ಎಂಬುದೇ ಅದನ್ನು ಆರಿಸಲು ಕಾರಣ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಅಳಿಲು ಮರವನ್ನು ಕಡಿಯದೆ ಬಿಡುವ ಪ್ರಾಣಿಯಲ್ಲ. ಅದೇ ಕಾರಣಕ್ಕೆ ಹುಳ ಹಿಡಿಯದಂತೆ ರಾಸಾಯನಿಕ ಉಣಿಸಿದ ಹಸಿರು ಛಾಯೆಯ ಮರವೂ ಬೇಡ. ಹಳೆಯ ಕಾಲದ ಅಂಥ ಮರದಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಕೂಡ ಇರುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯಂತೂ ಮೊದಲ ಮಳೆಗೇ ಬಿಸ್ಕತ್ತಿನಂತೆ ಉಬ್ಬಿ ಉದುರುತ್ತದೆ.

ಬೆನ್ನುಹಲಗೆ 320 ಮಿ.ಮೀ., ತಳ 300, ಮುಚ್ಚಳ 230. ಪಕ್ಕದ ಹಲಗೆಗಳನ್ನು ಕೊಯ್ಯುವುದಕ್ಕೆ ಒಂದು ಸಣ್ಣ ಯುಕ್ತಿ ಇದೆ. ಪಕ್ಕಗಳು ಹಿಂದೆ 230 ಮಿ.ಮೀ., ಮುಂದೆ 180 ಮಿ.ಮೀ. ಎತ್ತರ ಇರಬೇಕು, ಮುಚ್ಚಳದ ಇಳಿಜಾರು ಬರುವುದು ಅದರಿಂದ. ಎರಡನ್ನೂ ಬೇರೆಬೇರೆಯಾಗಿ ಗುರುತಿಸಿ ಕೊಯ್ದರೆ ಎರಡು ಇಳಿಜಾರು ಒಂದೇ ಆಗುವುದಿಲ್ಲ, ನನ್ನ ಕೈಯಲ್ಲಂತೂ ಖಂಡಿತ ಆಗುವುದಿಲ್ಲ. ಬದಲಿಗೆ 180 ಮಿ.ಮೀ. ಅಗಲದ, 412 ಮಿ.ಮೀ. ಉದ್ದದ ಒಂದೇ ತುಂಡು ತೆಗೆದುಕೊಂಡು ನಡುವೆ ಓರೆಯಾಗಿ ಒಂದು ಸಲ ಕೊಯ್ದರೆ ಎರಡೂ ಪಕ್ಕ ಒಟ್ಟಿಗೇ ಹುಟ್ಟುತ್ತವೆ. ಒಂದರ ತಪ್ಪು ಇನ್ನೊಂದರಲ್ಲೂ ಇರುವುದರಿಂದ ತಪ್ಪು ಕಾಣಿಸುವುದಿಲ್ಲ. 412ರಲ್ಲಿ ಆ ಎರಡು ಮಿ.ಮೀ. ಗರಗಸ ತಿಂದು ಹಾಕುವ ಪಾಲು. ಹಲಗೆಯನ್ನು 200ರಿಂದ 180ಕ್ಕೆ ಇಳಿಸುವಾಗ ಉದ್ದಕ್ಕೆ ಕೊಯ್ದ 20 ಮಿ.ಮೀ. ಪಟ್ಟಿಯೊಂದು ಉಳಿಯಿತು. ಒಲೆಗೆ ಹಾಕಲು ಹೊರಟವನು ಯಾಕೋ ಮೂಲೆಗೆ ಎಸೆದೆ. ಮುಂದೆ ಅದೇ ಕೈ ಹಿಡಿಯಿತು.

ಜೋಡಿಸುವಾಗ ಮರದ ಎಳೆ ಯಾವ ದಿಕ್ಕಿಗಿದೆ ಎಂದು ನೋಡಬೇಕು. ಬೆನ್ನುಹಲಗೆಯ ಹಿಂದಿನಿಂದ ಪಕ್ಕಗಳಿಗೆ ಹೋಗುವ ಸ್ಕ್ರೂ ಎಳೆಗೆ ಅಡ್ಡಲಾಗಿ ಇಳಿಯುತ್ತದೆ, ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ತಳದಿಂದ ಮೇಲಕ್ಕೆ ಪಕ್ಕಗಳಿಗೆ ಹಾಕುವ ಸ್ಕ್ರೂ ಮಾತ್ರ ಎಳೆಯ ತುದಿಯೊಳಗೆ, ಪೊರಕೆಕಡ್ಡಿಗಳ ಕಟ್ಟಿನ ನಡುವೆ ಮೊಳೆ ತುರುಕಿದ ಹಾಗೆ ಕೂರುತ್ತದೆ, ಹಿಡಿತ ಕಡಿಮೆ. ಅಲ್ಲಿಗೆ 40ರ ಬದಲು 50 ಮಿ.ಮೀ. ಉದ್ದದ ಸ್ಕ್ರೂ ಹಾಕಿದೆ. ಎಲ್ಲ ಕಡೆಯೂ ಮೊದಲು ಸಣ್ಣ ರಂಧ್ರ ಕೊರೆದೆ. ಹಲಗೆಯ ಅಂಚಿನಿಂದ ಒಂಬತ್ತು ಮಿ.ಮೀ. ದೂರದಲ್ಲಿ ರಂಧ್ರವಿಲ್ಲದೆ ಸ್ಕ್ರೂ ತಿರುಗಿಸಿದರೆ ಹಲಗೆ ಸೀಳುತ್ತದೆ, ಅದೂ ಕೊನೆಯ ಸ್ಕ್ರೂನಲ್ಲಿ.

ತಳದ ನಾಲ್ಕು ಮೂಲೆಗೆ 6 ಮಿ.ಮೀ. ರಂಧ್ರ, ನೀರು ಇಳಿಯಲು. ಮುಚ್ಚಳಕ್ಕೆ ಎರಡು ಕಬ್ಬಿಣದ ಕೀಲು. ಸಂಜೆಗೆ ಪೆಟ್ಟಿಗೆ ನಿಂತಿತು. ಚೆಂದವಾಗಿತ್ತು. ಅದೇ ಅದರ ದೋಷ ಎಂದು ಆಗ ತಿಳಿಯಲಿಲ್ಲ.

ಭಾನುವಾರ: ಹಾಳೆ ಸೀಳಿದ್ದು

ಮುಂಭಾಗಕ್ಕೆ 3 ಮಿ.ಮೀ. ಅಕ್ರಿಲಿಕ್, ಎಂದರೆ ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆ. ಗಾಜು ಒಡೆದರೆ ಪ್ರಾಣಿಗೂ ಅಪಾಯ, ನಮಗೂ ಅಪಾಯ. ಹಾಗಾಗಿ ಗಾಜಿನ ಯೋಚನೆಯನ್ನೇ ಮಾಡಲಿಲ್ಲ. ಅಕ್ರಿಲಿಕ್ ಕತ್ತರಿಸುವುದು ಸುಲಭ: ಚೂಪು ಅಲಗಿನಿಂದ ಒಂದೇ ಗೆರೆಯ ಮೇಲೆ ಎಂಟು ಹತ್ತು ಸಲ ಗೀರಿ, ಮೇಜಿನ ಅಂಚಿಗಿಟ್ಟು ಒತ್ತಿದರೆ ಟಕ್ಕೆಂದು ಮುರಿಯುತ್ತದೆ. 200 ಅಗಲ, 172 ಎತ್ತರ. ಪಕ್ಕಗಳ ಎತ್ತರ 180 ಇರುವುದರಿಂದ ಮುಚ್ಚಳಕ್ಕೂ ಹಾಳೆಗೂ ನಡುವೆ 8 ಮಿ.ಮೀ. ಸಂದು ಉಳಿಯುತ್ತದೆ. ಮುಚ್ಚಳ ಬಿದ್ದಾಗ ಬಾಲವೋ ಬೆರಳೋ ಅಡ್ಡ ಬಂದರೆ ಜಜ್ಜಿಹೋಗಬಾರದು ಎಂಬುದಕ್ಕೆ ಆ ಸಂದು. ಕಾಳಿನ ವಾಸನೆ ಹೊರಗೆ ಬರುವುದೂ ಅಲ್ಲಿಂದಲೇ.

ಕಷ್ಟ ಇರುವುದು ರಂಧ್ರ ಕೊರೆಯುವುದರಲ್ಲಿ. ಮೊದಲ ಹಾಳೆಯ ಮೂರು ರಂಧ್ರ ಸರಾಗವಾಗಿ ಆದವು. ನಾಲ್ಕನೆಯದರಲ್ಲಿ ಡ್ರಿಲ್ ಆಚೆ ಬದಿಗೆ ಹೊರಬೀಳುವ ಕ್ಷಣದಲ್ಲಿ ಹಾಳೆಯನ್ನು ಕಚ್ಚಿ ಎಳೆಯಿತು, ಮೂಲೆಯಿಂದ ಒಂದು ಬಿರುಕು ಮಿಂಚಿನ ಗೆರೆಯಂತೆ ಒಳಕ್ಕೆ ಓಡಿತು. ಎರಡನೆಯ ಹಾಳೆಗೆ ಮಾಡಬೇಕಾದದ್ದನ್ನೆಲ್ಲ ಮಾಡಿದೆ: ಎರಡೂ ಬದಿಗೆ ಅಂಟುಪಟ್ಟಿ, ಕೆಳಗೆ ಬೇಡದ ಮರದ ತುಂಡು, ಡ್ರಿಲ್ ನಿಧಾನ, ಕೈ ಹಗುರ. ಜೊತೆಗೆ 4 ಮಿ.ಮೀ. ಸ್ಕ್ರೂಗೆ 5 ಮಿ.ಮೀ. ರಂಧ್ರ. ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ. ಒಂದು ಮೀಟರ್ ಹಾಳೆ ಒಂದು ಡಿಗ್ರಿ ಏರಿಕೆಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ ಎಂದು ಲೆಕ್ಕ. ನಮ್ಮ 200 ಮಿ.ಮೀ. ಹಾಳೆ 30 ಡಿಗ್ರಿ ಬಿಸಿಯಾದರೆ 0.4 ಮಿ.ಮೀ. ಚಿಲ್ಲರೆ. ಕೇಳಲು ಏನೂ ಅಲ್ಲ. ಆದರೆ ಸ್ಕ್ರೂ ರಂಧ್ರವನ್ನು ಪೂರ್ತಿ ತುಂಬಿ ಬಿಗಿಯಾಗಿ ಕುಳಿತಿದ್ದರೆ ಆ ಅರ್ಧ ಮಿ.ಮೀ. ಹೋಗಲು ಜಾಗವಿಲ್ಲದೆ ಬಿರುಕಾಗಿ ಹೊರಬರುತ್ತದೆ.

ಹೊರಮೈಗೆ ಮಾತ್ರ ಹಸಿ ಅಗಸೆ ಎಣ್ಣೆ, ತೆಳ್ಳಗೆ ಮೂರು ಸಲ. ‘ಕಾಯಿಸಿದ’ ಎಂಬ ಹೆಸರಿನಲ್ಲಿ ಬರುವ ಎಣ್ಣೆ ಬೇಗ ಒಣಗುತ್ತದೆ, ಆದರೆ ಬೇಗ ಒಣಗಲೆಂದು ಅದಕ್ಕೆ ಸಾಮಾನ್ಯವಾಗಿ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಹಸಿ ಎಣ್ಣೆ ದಿನಗಟ್ಟಲೆ ಜಿಗುಟಾಗಿ ಕಾಡುತ್ತದೆ, ಕಾಯಬೇಕು. ಒಳಮೈ ಬರಿಯ ಮರ. ಇಲ್ಲೊಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುತ್ತ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನಾನು ಬಿಡಿಸಿ ಹೊರಗೆ ಹಗ್ಗದ ಮೇಲೆ ಹರಡುತ್ತೇನೆ, ಗಟ್ಟಿಯಾದ ಮೇಲೆ ಎಸೆಯುತ್ತೇನೆ.

ಮರಕ್ಕೆ ಮೊಳೆ ಹೊಡೆಯಲಿಲ್ಲ. ಬೆನ್ನುಹಲಗೆಯ ಮೇಲಿನ ಭಾಗದಲ್ಲಿ ಎರಡು ರಂಧ್ರ, ಅದರೊಳಗಿಂದ ಅಗಲವಾದ ಪಟ್ಟಿ, ಪಟ್ಟಿಗೂ ತೊಗಟೆಗೂ ನಡುವೆ ಎರಡು ಮರದ ತುಂಡು. ತೊಗಟೆಯ ಅಡಿಯಲ್ಲೇ ಮರದ ಆಹಾರ ಹರಿಯುವ ಪದರ ಇರುತ್ತದೆ. ಪಟ್ಟಿ ಬಿಗಿದುಕೊಂಡು ಮರ ದಪ್ಪವಾಗುತ್ತ ಹೋದರೆ ಕೊರಳಿಗೆ ಹಗ್ಗ ಬಿದ್ದಂತೆ. ಆರು ತಿಂಗಳಿಗೊಮ್ಮೆ ಸಡಿಲಿಸಬೇಕು. ಎತ್ತರ ನನ್ನ ತಲೆಯಷ್ಟು. ಮೇಲೆಯೇ ಓಡಿಹೋಗಲು ಕೊಂಬೆ ಇದೆ, ಕೆಳಗೆ ಬೆಕ್ಕು ಅಡಗಿ ಕೂರುವ ಪೊದೆ ಇಲ್ಲ.

ಒಂಬತ್ತು ದಿನ

ಮೊದಲ ಮೂರು ದಿನ ಹೊಸ ವಸ್ತು ಎಂದು ಹೆದರುತ್ತಿವೆ ಅಂದುಕೊಂಡೆ. ನಾಲ್ಕನೆಯ ದಿನ ಜಗಲಿಯ ಮೇಲೆ ಎರಡು ಬೀಜ ಉದುರಿಸಿದೆ. ಕ್ಷಣದಲ್ಲಿ ಬಂದವು, ತಿಂದವು, ಮುಚ್ಚಳದ ಕಡೆ ತಿರುಗಿಯೂ ನೋಡಲಿಲ್ಲ. ಐದನೆಯ ದಿನ ಕಾಳು ತುಂಬಿದವನು ಮುಚ್ಚಳವನ್ನು ಹಿಂದಕ್ಕೆ ಪೂರ್ತಿ ಮಗುಚಿ ಮರೆತೆ. ಅದು ಬೆನ್ನುಹಲಗೆಗೆ ಒರಗಿ ನೆಟ್ಟಗೆ ನಿಂತೇ ಇತ್ತು. ರಾತ್ರಿ ಮಳೆ. ಎರಡು ದಿನ ಬಿಟ್ಟು ನೋಡಿದರೆ ತಳದ ಬೀಜಗಳಿಗೆ ಬೂದು ಹಸಿರು ಬೂಷ್ಟು.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಡಲೆಬೀಜದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡಬಲ್ಲದು, ಅದು ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಎಲ್ಲವನ್ನೂ ಚೀಲಕ್ಕೆ ಕಟ್ಟಿ ಎಸೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಪೆಟ್ಟಿಗೆಯನ್ನು ಉಜ್ಜಿ, ತೊಳೆದು, ಬಿಸಿಲಿಗಿಟ್ಟೆ.

ಒಣಗುತ್ತಿದ್ದ ಪೆಟ್ಟಿಗೆಯ ಮುಚ್ಚಳವನ್ನು ಒಂದು ಬೆರಳಿನಿಂದ ಸುಮ್ಮನೆ ಎತ್ತುತ್ತ ಕುಳಿತಿದ್ದಾಗ ಸಂಶಯ ಬಂತು. ನನ್ನ ಬೆರಳಿಗೆ ಇದು ಏನೂ ಅಲ್ಲ. ಅಳಿಲಿಗೆ? ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು, ಮುಚ್ಚಳದ ಮುಂದಿನ ಅಂಚು ತಕ್ಕಡಿಯ ಮೇಲೆ, ಕೀಲಿನ ಅಂಚು ಅಷ್ಟೇ ಎತ್ತರದ ಪುಸ್ತಕದ ಮೇಲೆ ಬರುವಂತೆ ಇಟ್ಟೆ. 212 ಗ್ರಾಂ. ಮುಚ್ಚಳದ ಪೂರ್ತಿ ತೂಕ ಅದರ ಎರಡರಷ್ಟು. ಕೀಲು ಅರ್ಧ ಹೊರುತ್ತದೆ, ಎತ್ತುವವರು ಉಳಿದರ್ಧ. ಅಳಿಲುಗಳಲ್ಲಿ ಅರ್ಧ ಕಿಲೋಗ್ರಾಂ ತೂಗುವ ಬೂದು ಅಳಿಲೂ ಇದೆ, ನೂರು ಗ್ರಾಂ ಆಸುಪಾಸಿನ ಪಟ್ಟೆ ಅಳಿಲೂ ಇದೆ. ನನ್ನ ಹಿತ್ತಲಿಗೆ ಬರುವುದು ಚಿಕ್ಕದು. ತನ್ನ ಎರಡರಷ್ಟು ತೂಕವನ್ನು ತಲೆಯಿಂದ ಎತ್ತಿ ಹಿಡಿದು, ಬಗ್ಗಿ, ಆರಿಸಿ ತಿನ್ನು ಎಂದು ಹೇಳಿದ್ದೆ ನಾನು. ಒಂದು ಹಿಡಿ ಕಡಲೆಗಾಗಿ ಯಾರೂ ಸಿಮೆಂಟ್ ಮೂಟೆ ಎತ್ತುವುದಿಲ್ಲ.

ಕಾಗದದ ಅಳತೆಪಟ್ಟಿ

ತೂಕ ಒಂದೇ ತಪ್ಪೋ ಇನ್ನೂ ಇವೆಯೋ ತಿಳಿಯಬೇಕಿತ್ತು. ಅಳಿಲನ್ನು ಹಿಡಿದು ಅಳೆಯುವಂತಿಲ್ಲ. ಒಂದು ಬಿಳಿ ಕಾಗದದ ಪಟ್ಟಿಗೆ ಸೆಂಟಿಮೀಟರಿಗೊಂದು ಗೆರೆ, ಐದಕ್ಕೊಂದು ದಪ್ಪ ಗೆರೆ ಎಳೆದು, ಕಾಂಪೌಂಡ್ ಗೋಡೆಯ ಮೇಲಿನ ಕಂಬಕ್ಕೆ ಅಂಟಿಸಿದೆ. ಪಟ್ಟಿಯ ಪಕ್ಕದಲ್ಲಿ ಬೇರೆ ಬೇರೆ ಎತ್ತರಕ್ಕೆ ಬೀಜದ ಚೂರು ಸಿಕ್ಕಿಸಿ, ಮೊಬೈಲನ್ನು ಇಟ್ಟಿಗೆಗೆ ಒರಗಿಸಿ ವಿಡಿಯೊ ಹಚ್ಚಿ ಒಳಗೆ ಹೋದೆ.

ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಆ ನಲವತ್ತು ನಿಮಿಷದ ವಿಡಿಯೊ. ಅಳಿಲು ಕಂಬದಿಂದ ತಲೆಕೆಳಗಾಗಿ ಇಳಿಯಿತು. ಇಳಿಯುವಾಗ ಹಿಂಗಾಲಿನ ಪಾದಗಳು ಹಿಮ್ಮುಖವಾಗಿ ತಿರುಗಿ, ಉಗುರು ಮೇಲ್ಮುಖವಾಗಿ ಮರವನ್ನು ಕಚ್ಚಿ ಹಿಡಿದದ್ದು ಸ್ಪಷ್ಟವಾಗಿ ಕಾಣುತ್ತದೆ. ಹಿಮ್ಮಡಿಯ ಕೀಲನ್ನು ಹಾಗೆ ತಿರುಗಿಸಬಲ್ಲ ಪ್ರಾಣಿಗಳು ಬಹಳ ಇಲ್ಲ. ಆಮೇಲೆ ಗೋಡೆಯ ಮೇಲೆ ಹಿಂಗಾಲಿನಲ್ಲಿ ನಿಂತು ಮೈ ಚಾಚಿತು. ಮೂಗು 11 ಸೆಂಟಿಮೀಟರ್ ಗೆರೆಯವರೆಗೆ ಸಲೀಸಾಗಿ ಹೋಯಿತು. ತುದಿಗಾಲಲ್ಲಿ ನಿಂತು ಮುಂಗೈ ಚಾಚಿದರೆ 16. ಬೀಜ ಸಿಕ್ಕ ಮೇಲೆ ಕುಳಿತು, ನಾಲ್ಕು ಬೆರಳಿನ ಎರಡು ಮುಂಗೈಗಳ ನಡುವೆ ಅದನ್ನು ತಿರುಗಿಸುತ್ತ, ಪ್ರತಿ ಸುತ್ತಿಗೂ ಒಂದಿಷ್ಟು ಕೆಂಪು ಸಿಪ್ಪೆ ಉದುರಿಸುತ್ತ ತಿಂದಿತು. ಸಿಪ್ಪೆಯ ಚೂರು ಎದೆಯ ರೋಮದ ಮೇಲೆ ಬಿದ್ದು ಅಲ್ಲೇ ಉಳಿಯಿತು.

ಲೆಕ್ಕ ಮುಗಿಯಿತು. ನನ್ನ ಪೆಟ್ಟಿಗೆಯ ಮುಂಭಾಗ 18 ಸೆಂಟಿಮೀಟರ್. ಮುಚ್ಚಳ ಹಗುರವಾಗಿದ್ದರೂ ಅದರ ತಲೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹೇಗೋ ಹತ್ತಿ ಒಳಗೆ ಬಿದ್ದಿದ್ದರೆ ಇನ್ನೂ ಕೆಟ್ಟದ್ದು: 17 ಸೆಂಟಿಮೀಟರ್ ಆಳ, ಮುಂದೆ ಉಗುರು ನಿಲ್ಲದ ನುಣುಪು ಹಾಳೆ, ಮೇಲೆ ಎತ್ತಲಾಗದ ಮುಚ್ಚಳ. ಕಾಳಿನ ಪೆಟ್ಟಿಗೆ ಮಾಡಲು ಹೋಗಿ ಬೋನು ಮಾಡಿದ್ದೆ.

ಎರಡನೆಯ ಪೆಟ್ಟಿಗೆ

ಬೆನ್ನು, ಪಕ್ಕ, ತಳ ಹಾಗೆಯೇ ಉಳಿದವು. ಬದಲಾದದ್ದು ಮುಂಭಾಗ, ಒಳಗು, ಮುಚ್ಚಳ.

ಮುಂಭಾಗದ ಕೆಳಗಿನ 120 ಮಿ.ಮೀ.ಗೆ ಉಳಿದ ಹಲಗೆಯ ತುಂಡು. ಅದಕ್ಕೆ, ಜಗಲಿಯಿಂದ 80 ಮಿ.ಮೀ. ಎತ್ತರದಲ್ಲಿ, ಮೂಲೆಗೆ ಎಸೆದಿದ್ದ 20 ಮಿ.ಮೀ. ಪಟ್ಟಿಯಿಂದ ಒಂದು ಮೆಟ್ಟಿಲು. 80ರ ಮೇಲೆ ನಿಂತರೆ ಮೂಗು 190ಕ್ಕೆ ಹೋಗುತ್ತದೆ, ಮುಚ್ಚಳ ಇರುವುದು 180ರಲ್ಲಿ. ಮೆಟ್ಟಿಲಿಗೆ ಉಪ್ಪುಕಾಗದ ಹಚ್ಚಲಿಲ್ಲ, ಗರಗಸದ ಒರಟು ಹಾಗೇ ಇರಲಿ ಎಂದು ಬಿಟ್ಟೆ. ಹಲಗೆಯ ಮೇಲೆ 52 ಮಿ.ಮೀ. ಎತ್ತರದ ಅಕ್ರಿಲಿಕ್ ಪಟ್ಟಿ. ಅಷ್ಟು ತುಂಡು ಭಾನುವಾರ ಸೀಳಿದ್ದ ಹಾಳೆಯಲ್ಲೇ ಸಿಕ್ಕಿತು. ಬಿರುಕಿಲ್ಲದ ಎರಡನೆಯ ಹಾಳೆ ಈಗ ಯಾವ ಕೆಲಸಕ್ಕೂ ಬಾರದೆ ಬಿದ್ದಿದೆ, ಅದು ಬೇರೆ ಮಾತು. ಹಲಗೆ 18 ಮಿ.ಮೀ., ಹಾಳೆ 3 ಮಿ.ಮೀ., ಹಾಗಾಗಿ ಹಾಳೆಯ ಮುಂದೆ ಹಲಗೆಯ ತಲೆಯ ಮೇಲೆ 15 ಮಿ.ಮೀ. ಅಂಚು ಉಳಿಯಿತು. ನಾನು ಯೋಚಿಸಿ ಮಾಡಿದ್ದಲ್ಲ, ಆದರೂ ಅದು ಎರಡನೆಯ ಮೆಟ್ಟಿಲಾಯಿತು. ನೀರು ನಿಲ್ಲದಂತೆ ಅದನ್ನು ಹೊರಕ್ಕೆ ತುಸು ಓರೆಯಾಗಿ ಕೆತ್ತಿದೆ.

ಒಳಗೆ 6 ಮಿ.ಮೀ. ಪ್ಲೈವುಡ್ಡಿನ ಸುಳ್ಳುತಳ. ಹಿಂದೆ 150 ಎತ್ತರ, ಮುಂದೆ 120. ಕಾಳು ತಾನಾಗಿ ಮುಂದಕ್ಕೆ ಜಾರಿ ಬರುತ್ತದೆ, ಮೇಲಿನ ಅಂಚಿನಿಂದ ಐದು ಸೆಂಟಿಮೀಟರ್ ಆಳದಲ್ಲೇ ಸಿಗುತ್ತದೆ, ಅಳಿಲು ಒಳಗೆ ಇಳಿಯುವ ಅಗತ್ಯವೇ ಇಲ್ಲ. ನೀರಿಗೆ 4 ಮಿ.ಮೀ. ರಂಧ್ರಗಳು. ಇದರಿಂದ ಪೆಟ್ಟಿಗೆ ಹಿಡಿಸುವ ಕಾಳು ಅರ್ಧಕ್ಕಿಂತ ಕಡಿಮೆಯಾಯಿತು. ಆಗಲಿ. ಬೂಷ್ಟು ನೋಡಿದ ಮೇಲೆ ಒಂದು ದಿನಕ್ಕಿಂತ ಹೆಚ್ಚಿನದನ್ನು ತುಂಬುವ ಆಸೆ ನನಗೂ ಉಳಿದಿರಲಿಲ್ಲ. ಯಾವುದೋ ಮರಿ ಒಳಗೆ ನುಗ್ಗಿದರೆ ಹತ್ತಿ ಬರಲೆಂದು ಅಕ್ರಿಲಿಕ್ಕಿನ ಒಳಮೈಯನ್ನು ಒರಟು ಉಪ್ಪುಕಾಗದದಿಂದ ಅಡ್ಡಡ್ಡ ಗೀರಿದೆ. ಕಾಣುವ ಚೆಲುವು ಹೋಯಿತು.

ಮುಚ್ಚಳಕ್ಕೂ ಅದೇ 6 ಮಿ.ಮೀ. ಪ್ಲೈವುಡ್, ನೀರಿಗೆ ಬಾಳುವ ದರ್ಜೆಯದು. ಅಂಚುಗಳಿಗೆ ಎಣ್ಣೆ ಕುಡಿಯುವಷ್ಟು ಕುಡಿಸಿದೆ, ಪ್ಲೈವುಡ್ ಸಾಯುವುದು ಅಂಚಿನಿಂದ. ತಕ್ಕಡಿಯಲ್ಲಿ ಮುಂದಿನ ಅಂಚು 84 ಗ್ರಾಂ.

ಕಬ್ಬಿಣದ ಕೀಲನ್ನು ಬಿಟ್ಟುಕೊಟ್ಟೆ. ಅದಕ್ಕೆ ತೂಕ, ತುಕ್ಕು ಎರಡೂ ಇವೆ. ಮೇಲಾಗಿ ಮುಚ್ಚಳಕ್ಕೂ ಬೆನ್ನುಹಲಗೆಗೂ ನಡುವಿನ ಸಂದಿನಿಂದ ಮಳೆನೀರು ನೇರವಾಗಿ ಕಾಳಿನ ಮೇಲೆ ಇಳಿಯುತ್ತಿತ್ತು. ಬದಲಿಗೆ ಹಳೆಯ ಸೈಕಲ್ ಟ್ಯೂಬ್. ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿಯನ್ನು ಸಾಬೂನಿನಿಂದ ತೊಳೆದು, 230 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ಅರ್ಧ ಬೆನ್ನುಹಲಗೆಗೆ, ಅರ್ಧ ಮುಚ್ಚಳದ ಮೇಲ್ಮೈಗೆ ಬರುವಂತೆ, ತೆಳುವಾದ ಮರದ ಪಟ್ಟಿ ಅದುಮಿ ಸ್ಕ್ರೂ ಹಾಕಿದೆ. ರಬ್ಬರ್ ಮಡಚಿಕೊಳ್ಳುತ್ತದೆ, ಕೀಲಾಗುತ್ತದೆ; ಸಂದನ್ನು ಮುಚ್ಚುತ್ತದೆ, ಛಾವಣಿಯಾಗುತ್ತದೆ. ಒಂದು ತೊಡಕು: ಟ್ಯೂಬಿಗೆ ತನ್ನದೇ ಬಾಗು ಇರುತ್ತದೆ. ಮೊದಲ ಸಲ ಒಳಬಾಗು ಮೇಲೆ ಬರುವಂತೆ ಹಾಕಿದ್ದೆ, ಅದು ಮುಚ್ಚಳವನ್ನು ಬೆರಳಗಲ ಎತ್ತಿಯೇ ಹಿಡಿಯುತ್ತಿತ್ತು. ಮಗುಚಿ ಹಾಕಿದಾಗ ಸರಿಹೋಯಿತು.

ಇನ್ನು ಮುಚ್ಚಳ ನೆಟ್ಟಗೆ ನಿಂತುಬಿಡುವ ರೋಗ. ಕೀಲಿನಿಂದ 60 ಮಿ.ಮೀ. ಮೇಲೆ ಬೆನ್ನುಹಲಗೆಗೆ ಬಾಟಲಿಯ ಬಿರಡೆಯೊಂದನ್ನು 25 ಮಿ.ಮೀ.ಗೆ ಕತ್ತರಿಸಿ ಸ್ಕ್ರೂ ಮಾಡಿದೆ. ಎತ್ತಿದ ಮುಚ್ಚಳ ಬಿರಡೆಗೆ ತಾಗಿ, ನೆಟ್ಟಗಾಗಲು ಇಪ್ಪತ್ತು ಡಿಗ್ರಿ ಚಿಲ್ಲರೆ ಇರುವಾಗಲೇ ನಿಲ್ಲುತ್ತದೆ. ಬಿಟ್ಟರೆ ತನ್ನ ತೂಕಕ್ಕೆ ತಾನೇ ಬೀಳುತ್ತದೆ. ಬಿರಡೆಗೆ ತಾಗಿದರೆ ಸದ್ದೂ ಇಲ್ಲ. ಸದ್ದಿಗೆ ಬೆದರಿದ ಅಳಿಲು ಎರಡು ದಿನ ಬರುವುದಿಲ್ಲ.

ಮುಚ್ಚಳದ ಪಾಠ

ಹಗುರ ಮುಚ್ಚಳವನ್ನೂ ಎತ್ತಬೇಕು ಎಂದು ಅಳಿಲಿಗೆ ಹುಟ್ಟಿನಿಂದ ಗೊತ್ತಿರುವುದಿಲ್ಲ. ಮೊದಲ ಎರಡು ದಿನ ಮುಚ್ಚಳದ ಕೆಳಗೆ ಕಡ್ಡಿ ಕೊಟ್ಟು ಪೂರ್ತಿ ತೆರೆದಿಟ್ಟೆ. ಮೂರನೆಯ ದಿನ ಕಡ್ಡಿ ಅರ್ಧ. ಐದನೆಯ ದಿನ ಎರಡು ಬೆರಳಿನಷ್ಟು ಸಂದು, ತಲೆ ತೂರಿಸಿದರೆ ಮುಚ್ಚಳ ಬೆನ್ನಿಗೆ ತಾಗಲೇಬೇಕು. ತಾಗಿತು, ಹಾರಿ ಓಡಿತು, ಮೇಲಿನ ಕೊಂಬೆಯಿಂದ ಹತ್ತು ನಿಮಿಷ ಚಿಕ್ ಚಿಕ್ ಎಂದು ಕೂಗಿತು, ಮತ್ತೆ ಬಂತು. ಏಳನೆಯ ದಿನ ಕಡ್ಡಿ ತೆಗೆದೆ.

ಎಂಟನೆಯ ದಿನ ಬೆಳಿಗ್ಗೆ ಮೆಟ್ಟಿಲಿನ ಮೇಲೆ ನಿಂತ ಒಂದು ಅಳಿಲು ಮೂಗನ್ನು ಆ 8 ಮಿ.ಮೀ. ಸಂದಿಗೆ ತೂರಿಸಿ, ತಲೆಯನ್ನು ಒಮ್ಮೆ ಮೇಲಕ್ಕೆ ಎಸೆಯಿತು. ಮುಚ್ಚಳ ಬಿರಡೆಗೆ ಬಡಿಯಿತು. ಅದು ಬೀಳುವ ಮೊದಲೇ ಅರ್ಧ ಮೈ ಒಳಗೆ. ಮುಚ್ಚಳ ನಿಧಾನವಾಗಿ ಬೆನ್ನಿನ ಮೇಲೆ ಕಂಬಳಿಯಂತೆ ಕುಳಿತುಕೊಂಡಿತು. ಹೊರಗೆ ಉಳಿದದ್ದು ಬಾಲ ಮಾತ್ರ. ಚಹಾ ಆರಿಹೋಗಿತ್ತು, ಗೊತ್ತೇ ಆಗಲಿಲ್ಲ.

ಒಂದು ಕಲಿತರೆ ಉಳಿದವು ನೋಡಿ ಕಲಿಯುತ್ತವೆ ಎಂದುಕೊಂಡಿದ್ದೆ. ಒಂದು ಮಾತ್ರ ನೋಡಿ ಬೇರೆಯದನ್ನೇ ಕಲಿತಿತು: ಮುಚ್ಚಳ ಎತ್ತುವವನ ಪಕ್ಕದಲ್ಲಿ ಜಗಲಿಯ ಮೇಲೆ ಕಾದಿದ್ದು, ಉದುರಿದ್ದನ್ನು ಆರಿಸುವುದು. ಈಗಲೂ ಅದು ಹಾಗೇ ಬದುಕುತ್ತಿದೆ.

ಏನು ಹಾಕುತ್ತೇನೆ, ಎಷ್ಟು ಹಾಕುತ್ತೇನೆ

ಉಪ್ಪು ಹಾಕದೆ ಹುರಿದ ಕಡಲೆಬೀಜ, ಸ್ವಲ್ಪ ಸೂರ್ಯಕಾಂತಿ ಬೀಜ, ಕೆಲವೊಮ್ಮೆ ಹಣ್ಣಿನ ಚೂರು. ಹಸಿ ಕಡಲೆಬೀಜದಲ್ಲಿ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ವಸ್ತು ಇದೆ, ಬಿಸಿಗೆ ಅದು ಮುರಿಯುತ್ತದೆ, ಅದಕ್ಕೇ ಹುರಿಯುವುದು. ಈ ಎರಡೂ ಬೀಜಗಳಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಇವನ್ನೇ ಹೊಟ್ಟೆ ತುಂಬ ಕೊಟ್ಟರೆ ಮೂಳೆಗೆ ಒಳ್ಳೆಯದಲ್ಲ. ಆದ್ದರಿಂದ ದಿನಕ್ಕೊಂದು ಹಿಡಿ, ಅದಕ್ಕಿಂತ ಹೆಚ್ಚಿಲ್ಲ. ಉಳಿದ ಊಟವನ್ನು ಅವು ಮರದಲ್ಲೇ ಹುಡುಕಿಕೊಳ್ಳಲಿ. ಬ್ರೆಡ್ಡು, ಸಿಹಿ, ಕರಿದದ್ದು ಇಲ್ಲ. ತುಂಬುವುದು ಬೆಳಿಗ್ಗೆ. ಈ ಅಳಿಲುಗಳು ಹಗಲಿನ ಪ್ರಾಣಿಗಳು, ಸಂಜೆಗೆ ಗೂಡು ಸೇರುತ್ತವೆ. ರಾತ್ರಿ ಪೆಟ್ಟಿಗೆಯಲ್ಲಿ ಉಳಿದದ್ದು ಇಲಿಯ ಪಾಲು. ಕೆಳಗೆ ಉದುರಿದ ಸಿಪ್ಪೆಯನ್ನೂ ಸಂಜೆಯೇ ಗುಡಿಸುತ್ತೇನೆ. ಇರುವೆ ತಡೆಯಲು ಬುಡಕ್ಕೆ ಗ್ರೀಸ್ ಹಚ್ಚಿ ಎಂದು ಒಬ್ಬರು ಹೇಳಿದರು. ರೋಮಕ್ಕೋ ರೆಕ್ಕೆಗೋ ಅದು ಹತ್ತಿದರೆ ಬಿಡಿಸಿಕೊಳ್ಳಲಾರವು, ಹಾಗಾಗಿ ಇರುವೆಗಳನ್ನು ಸಹಿಸಿಕೊಂಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ಬ್ಲೀಚ್ ನೀರಿನ ಸ್ನಾನ. ಎಲ್ಲ ಅಳಿಲೂ ಒಂದೇ ಅಂಚಿಗೆ ಮೂತಿ ಇಡುವ ಜಾಗ, ಒಂದರ ರೋಗ ಎಲ್ಲಕ್ಕೂ ಹೋಗುತ್ತದೆ.

ಪಕ್ಕದಲ್ಲಿ ಒಂದು ಮಣ್ಣಿನ ಬಟ್ಟಲಲ್ಲಿ ನೀರು ಇಟ್ಟಿದ್ದೇನೆ. ಬೇಸಿಗೆಯಲ್ಲಿ ಪೆಟ್ಟಿಗೆಗಿಂತ ಅದಕ್ಕೇ ಜನ ಜಾಸ್ತಿ.

ಹಲ್ಲು

ಮೂರು ವಾರದ ಬಳಿಕ ಅಕ್ರಿಲಿಕ್ಕಿನ ಮೇಲಂಚಿನಲ್ಲಿ ಅರ್ಧಚಂದ್ರದ ಕಚ್ಚುಗಳು ಕಂಡವು. ಅಳಿಲಿನ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ. ಮುಂಭಾಗಕ್ಕೆ ಗಟ್ಟಿಯಾದ ಕಿತ್ತಳೆ ಛಾಯೆಯ ಎನಾಮಲ್, ಹಿಂಭಾಗಕ್ಕೆ ಅದಕ್ಕಿಂತ ಮೆದು ಪದರ. ಹಿಂಭಾಗ ಬೇಗ ಸವೆಯುವುದರಿಂದ ಹಲ್ಲು ಬಡಗಿಯ ಉಳಿಯಂತೆ ತಾನೇ ಹರಿತವಾಗಿರುತ್ತದೆ. ಕಡಿಯದೆ ಅದಕ್ಕೆ ಗತಿಯಿಲ್ಲ. ಆದರೆ ಪ್ಲಾಸ್ಟಿಕ್ಕಿನ ಪುಡಿ ಹೊಟ್ಟೆಗೆ ಹೋಗುವುದು ಬೇಡ.

ಖಾಲಿ ಹಾಲಿನಪುಡಿ ಡಬ್ಬಿಯಿಂದ 30 ಮಿ.ಮೀ. ಅಗಲದ ತಗಡಿನ ಪಟ್ಟಿ ಕತ್ತರಿಸಿದೆ. ತಗಡಿನ ಕೊಯ್ದ ಅಂಚು ಬ್ಲೇಡಿನಂತೆ, ಹಾಗೇ ಹಾಕಿದರೆ ನಾಲಿಗೆ ಸೀಳುತ್ತದೆ. ಎರಡೂ ಉದ್ದನೆಯ ಅಂಚನ್ನು ಇಕ್ಕಳದಿಂದ 5 ಮಿ.ಮೀ. ಒಳಕ್ಕೆ ಮಡಚಿ, ಮರದ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಬೆರಳು ಎಳೆದು ನೋಡಿ, ಆಮೇಲೆ ಇಡೀ ಪಟ್ಟಿಯನ್ನು ನಡುವೆ ಮಡಚಿ ಹಾಳೆಯ ಮೇಲಂಚಿಗೆ ಟೋಪಿಯಂತೆ ತೊಡಿಸಿದೆ. ಎರಡು ತುದಿಗೆ ಎರಡು ಸ್ಕ್ರೂ. ಅಂದಿನಿಂದ ಅಲ್ಲಿ ಹಲ್ಲು ಹಾಕಿಲ್ಲ.

ಬದಲಿಗೆ ಮೆಟ್ಟಿಲನ್ನು ಹಿಡಿದಿವೆ. 200 ಮಿ.ಮೀ. ಉದ್ದವಿದ್ದದ್ದು ನಿನ್ನೆ ಅಳೆದಾಗ 187. ಎಡ ಮೂಲೆ ಪೆನ್ಸಿಲ್ ಮೊನೆಯಂತೆ ಚೂಪಾಗಿದೆ. ಅದಕ್ಕೆ ತಗಡು ಹಾಕುವುದಿಲ್ಲ, ಬಿಸಿಲಿಗೆ ಕಾದು ಪಾದ ಸುಡುತ್ತದೆ. ಪಟ್ಟಿಯಲ್ಲಿ ಉಳಿದದ್ದನ್ನು ಸುಳ್ಳುತಳದ ಆಸರೆಗೆ ಬಳಸಿ ಮುಗಿಸಿದ್ದೇನೆ. ಹಳೆಯ ಭಾರದ ಮುಚ್ಚಳ ಇನ್ನೂ ಇದೆ. ನಾಳೆ ಅದರಿಂದ 20 ಮಿ.ಮೀ. ಅಗಲದ ಪಟ್ಟಿಗಳನ್ನು ಕೊಯ್ಯುತ್ತೇನೆ, ಹತ್ತಿರ ಹತ್ತಿರ ಒಂಬತ್ತು ಬರುತ್ತವೆ.